ಗುಂಡಿಗೆ ಉತ್ತರ ಕೊಟ್ಟ ಗೋಡೆ

ಪರದೆಯ ಕೆಳಗೆ, ಬೂದುಬಣ್ಣದ ಪಟ್ಟಿಯ ನಡುವೆ ಒಂದು ಪುಟ್ಟ ಮುಖ. ಎಡಗಡೆಯಿಂದ ಯಾರಾದರೂ ಗುಂಡು ಹೊಡೆದರೆ ಅದು ಎಡಕ್ಕೆ ತಿರುಗುತ್ತದೆ, ಬಲಗಡೆಯಿಂದ ಹೊಡೆದರೆ ಬಲಕ್ಕೆ. ಪೆಟ್ಟು ಬಿದ್ದಷ್ಟೂ ಮುಖದ ಮೇಲೆ ರಕ್ತ ಹೆಚ್ಚುತ್ತದೆ. ಹೊಸ ಬಂದೂಕು ಕೈಗೆ ಸಿಕ್ಕ ಕ್ಷಣ ಹಲ್ಲು ಕಿರಿದು ನಗುತ್ತದೆ. 1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಬಿಡುಗಡೆ ಮಾಡಿದ 'ಡೂಮ್' ಆಟದ ನಾಯಕನ ಮುಖ ಅದು.

ಇಂಥ ಆಟಗಳಲ್ಲಿ ಆಟಗಾರ ನಾಯಕನನ್ನು ಹೊರಗಿನಿಂದ ನೋಡುವುದಿಲ್ಲ, ಅವನ ಕಣ್ಣಿನಿಂದಲೇ ಲೋಕವನ್ನು ನೋಡುತ್ತಾನೆ. ಪರದೆಯ ಮೇಲೆ ಕಾಣುವುದು ಎದುರಿನ ಕೋಣೆ ಮತ್ತು ಬಂದೂಕು ಹಿಡಿದ ಕೈ ಮಾತ್ರ. ನಿಜ ಜೀವನದಲ್ಲಿ ಪಕ್ಕದಿಂದ ಯಾರಾದರೂ ತಳ್ಳಿದರೆ ಮೈಗೆ ತಾನಾಗಿ ಗೊತ್ತಾಗುತ್ತದೆ. ಕಂಪ್ಯೂಟರಿನ ಮುಂದೆ ಕೂತವನಿಗೆ ಆ ಲೋಕದಲ್ಲಿ ಮೈಯೇ ಇಲ್ಲ. ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳ ಪರದೆಯಲ್ಲಿ ಆ ಮೈಯ ಕೆಲಸವನ್ನು ಈ ಮುಖ ಮಾಡುತ್ತಿತ್ತು. ಅದೇ ಕಂಪನಿ 1992ರಲ್ಲಿ ತಂದಿದ್ದ 'ವುಲ್ಫೆನ್‌ಸ್ಟೈನ್ 3ಡಿ'ಯಲ್ಲೂ ಇಂಥದೇ ಮುಖವಿತ್ತು. ಆದರೆ ಅದು ಸುಮ್ಮನೆ ಅತ್ತಿತ್ತ ನೋಡುತ್ತಿತ್ತು. ಡೂಮ್‌ನ ಮುಖ ಪೆಟ್ಟು ಬಿದ್ದ ಕಡೆಗೂ ತಿರುಗುತ್ತಿತ್ತು.

ಆ ಕಾಲದ ಶೂಟರ್ ಆಟಗಳ ಚಿತ್ರಗಳು ಈಗ ಹಳತಾಗಿವೆ. ಇವತ್ತಿನ ಅಗ್ಗದ ಫೋನಿನಲ್ಲೂ ಅವಕ್ಕಿಂತ ನಯವಾದ ಚಿತ್ರ ಮೂಡುತ್ತದೆ. ಆದರೂ ಅವುಗಳ ಕೆಲವು ಸಣ್ಣ ಕೆಲಸಗಳು ಇಂದಿಗೂ ಆಡುವವರನ್ನು ನಿಲ್ಲಿಸಿ ನೋಡುವಂತೆ ಮಾಡುತ್ತವೆ. ಅವುಗಳನ್ನು ಒಂದೆಡೆ ಇಟ್ಟು ನೋಡಿದರೆ ಬಹುತೇಕ ಎಲ್ಲವೂ ಒಂದೇ ಕೆಲಸ ಮಾಡುತ್ತಿದ್ದುದು ಕಾಣುತ್ತದೆ: ಆಟಗಾರ ಮಾಡಿದ್ದನ್ನು ಆಟ ಗಮನಿಸಿದೆ ಎಂದು ಅವನಿಗೆ ತಿಳಿಸುವುದು.

ಆಗಿನ ಸಾರ್ವಜನಿಕ ಚರ್ಚೆಯಲ್ಲಿ ಈ ಮಾತು ಯಾರ ಗಮನಕ್ಕೂ ಬರಲಿಲ್ಲ. ಡೂಮ್ ಹೊರಬರುವ ಹಿಂದಿನ ದಿನ, 1993ರ ಡಿಸೆಂಬರ್ 9ರಂದು, ಅಮೆರಿಕದ ಸೆನೆಟ್‌ನಲ್ಲಿ ವಿಡಿಯೊ ಗೇಮ್‌ಗಳ ಹಿಂಸೆಯ ಬಗ್ಗೆ ವಿಚಾರಣೆ ನಡೆದಿತ್ತು. ಸೆನೆಟರ್‌ಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅದನ್ನು ನಡೆಸಿದರು. 'ಮಾರ್ಟಲ್ ಕಾಂಬ್ಯಾಟ್', 'ನೈಟ್ ಟ್ರ್ಯಾಪ್' ಆಟಗಳು ಕಟಕಟೆಯಲ್ಲಿದ್ದವು. ಮರುವರ್ಷವೇ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಮಂಡಳಿ ಹುಟ್ಟಿಕೊಂಡಿತು. ಆ ಚರ್ಚೆಗೆ ಕಾರಣವಿತ್ತು. ಈ ಆಟಗಳಲ್ಲಿ ರಕ್ತವಿತ್ತು, ಅದನ್ನು ಹೇರಳವಾಗಿಯೇ ತೋರಿಸಿದ್ದರು. ಆದರೆ ಪರದೆಯ ಮೇಲೆ ಏನು ಕಾಣುತ್ತದೆ ಎಂಬ ಜಗಳದಲ್ಲಿ, ಪರದೆಯ ಹಿಂದೆ ಏನು ನಡೆಯುತ್ತಿದೆ ಎಂಬುದು ಮರೆಯಾಗಿಯೇ ಉಳಿಯಿತು.

ಕೇಳಿಸಿಕೊಳ್ಳುವ ಕೋಣೆಗಳು

ಡೂಮ್‌ನ ಲೋಕ ಪೂರ್ತಿ ಮೂರು ಆಯಾಮದ್ದಲ್ಲ. ಅಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲಾಗುವುದಿಲ್ಲ. ಆಟಗಾರ ತಲೆಯೆತ್ತಿ ಮೇಲೆ ನೋಡುವಂತಿಲ್ಲ. ಶತ್ರು ಎತ್ತರದಲ್ಲಿದ್ದರೆ, ಗುರಿ ಅಡ್ಡಕ್ಕೆ ಸರಿಯಿದ್ದರೆ ಸಾಕು, ಗುಂಡು ತಾನೇ ಮೇಲಕ್ಕೆ ಹೋಗುತ್ತದೆ. ಶತ್ರುಗಳೂ ಚಪ್ಪಟೆ ಚಿತ್ರಗಳೇ. ಅವುಗಳಲ್ಲಿ ಹಲವನ್ನು ಜೇಡಿಮಣ್ಣಿನ ಬೊಂಬೆ ಮಾಡಿ, ಬೇರೆಬೇರೆ ಕೋನಗಳಿಂದ ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿಗೆ ತಂದಿದ್ದರು. ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದರು. ಆ ಕಾಲದ ಮನೆ ಕಂಪ್ಯೂಟರ್ ಎಳೆಯಬಲ್ಲಷ್ಟು ಭಾರವನ್ನೇ ಅದರ ಮೇಲೆ ಹೇರಿದ್ದರು.

ಚಿತ್ರದಲ್ಲಿ ಉಳಿಸಿದ್ದನ್ನು ಅವರು ಬೇರೆ ಕಡೆ ಖರ್ಚು ಮಾಡಿದರು. ಆಟಗಾರ ಒಂದು ಕೋಣೆಯಲ್ಲಿ ಗುಂಡು ಹಾರಿಸಿದರೆ ಅದರ ಸದ್ದು ತೆರೆದ ದಾರಿಗಳಲ್ಲಿ ಪಕ್ಕದ ಕೋಣೆಗೆ, ಅಲ್ಲಿಂದ ಅದರಾಚೆಗೆ ಹರಿಯುತ್ತದೆ. ಮುಚ್ಚಿದ ಬಾಗಿಲು ಬಂದರೆ ನಿಲ್ಲುತ್ತದೆ. ಸದ್ದು ಮುಟ್ಟಿದ ಕೋಣೆಗಳ ರಾಕ್ಷಸರು ಎಚ್ಚೆತ್ತು ಹುಡುಕಿಕೊಂಡು ಹೊರಡುತ್ತಾರೆ. ಸದ್ದು ಎಲ್ಲಿ ತಡೆಯಬೇಕು ಎಂದು ನಕಾಶೆ ಬರೆಯುವವರು ಅದೃಶ್ಯ ಗೆರೆ ಎಳೆಯಬಹುದಿತ್ತು. ಸದ್ದು ಕೇಳಿದರೂ ಕದಲದೆ, ಆಟಗಾರ ಕಣ್ಣಿಗೆ ಬೀಳುವ ತನಕ ಹೊಂಚು ಹಾಕು ಎಂದು ಒಬ್ಬೊಬ್ಬ ರಾಕ್ಷಸನಿಗೂ ಬೇರೆಯಾಗಿ ಹೇಳಿಡಬಹುದಿತ್ತು. ಹೀಗಾಗಿ ಬಾಗಿಲು ತೆರೆಯುವ ಮುನ್ನ ಗುಂಡು ಹಾರಿಸಬೇಕೋ ಬೇಡವೋ ಎಂಬುದೂ ಒಂದು ತೀರ್ಮಾನವಾಯಿತು.

ಇನ್ನೊಂದು ಏರ್ಪಾಡು ಇದಕ್ಕಿಂತ ಪ್ರಸಿದ್ಧ. ಒಬ್ಬ ರಾಕ್ಷಸ ಎಸೆದ ಬೆಂಕಿಯುಂಡೆ ಬೇರೆ ಜಾತಿಯ ರಾಕ್ಷಸನಿಗೆ ತಗುಲಿದರೆ, ಪೆಟ್ಟು ತಿಂದವನು ಆಟಗಾರನನ್ನು ಬಿಟ್ಟು ಹೊಡೆದವನ ಮೇಲೆ ತಿರುಗಿ ಬೀಳುತ್ತಾನೆ. ಇಬ್ಬರ ನಡುವೆ ಸರಿಯಾದ ಜಾಗದಲ್ಲಿ ನಿಂತು, ಒಬ್ಬನ ಏಟು ಇನ್ನೊಬ್ಬನಿಗೆ ಬೀಳುವಂತೆ ಮಾಡಿ, ಪಕ್ಕಕ್ಕೆ ಸರಿದು ತಮಾಷೆ ನೋಡಬಹುದು. ಮದ್ದುಗುಂಡು ಮುಗಿದವನಿಗೆ ಇದು ಕೊನೆಯ ದಾರಿ, ಜಾಣನಿಗೆ ಮೊದಲ ದಾರಿ. ಇದನ್ನು ಆಟ ಎಲ್ಲಿಯೂ ಹೇಳಿಕೊಡುವುದಿಲ್ಲ. ಕಂಡುಕೊಂಡವನು ತಾನೇ ಕಂಡುಕೊಂಡೆ ಎಂದು ಹಿಗ್ಗುತ್ತಾನೆ.

ಮೊದಲ ಹಂತವನ್ನು ರೂಪಿಸಿದವರು ಜಾನ್ ರೊಮೆರೊ. ಆಟ ಶುರುವಾಗುವ ಕೋಣೆಯಲ್ಲೇ ಒಂದು ಕಿಟಕಿ. ಅದರಾಚೆ ತೆರೆದ ಅಂಗಳ, ಅಲ್ಲೊಂದು ನೀಲಿ ಕವಚ. ಕಾಣುತ್ತದೆ, ಆದರೆ ಅಲ್ಲಿಗೆ ದಾರಿಯಿಲ್ಲ. ದಾರಿ ಮುಂದೆಲ್ಲೋ ಮರೆಯಲ್ಲಿದೆ. ಒಂದು ಅಕ್ಷರದ ಸೂಚನೆಯೂ ಇಲ್ಲದೆ ಆ ಕಿಟಕಿ ಹೊಸಬನಿಗೆ ಒಂದು ಪಾಠ ಹೇಳುತ್ತದೆ: ಕಂಡದ್ದನ್ನು ನೆನಪಿಟ್ಟುಕೋ, ಹುಡುಕಿದರೆ ಸಿಗುತ್ತದೆ.

ಮುಖದ ವಿಷಯದಲ್ಲಿ ಮಾತ್ರ ಒಂದು ತಪ್ಪು ನುಸುಳಿತ್ತು. ಒಂದೇ ಏಟಿಗೆ 20ಕ್ಕಿಂತ ಹೆಚ್ಚು ಪ್ರಾಣಾಂಕ ಕಳೆದುಕೊಂಡರೆ ಬಾಯಿ ಬಿಟ್ಟು ಕಿರುಚುವ ಮುಖವೊಂದನ್ನು ಚಿತ್ರಕಾರರು ಬರೆದಿದ್ದರು. ಆಟದಲ್ಲಿ ಅದು ಕಾಣುವುದೇ ಅಪರೂಪವಾಗಿತ್ತು. 1997ರ ಡಿಸೆಂಬರಿನಲ್ಲಿ ಕಾರ್ಮ್ಯಾಕ್ ಆಟದ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಅದರ ಕಾರಣವನ್ನು ಯಾರು ಬೇಕಾದರೂ ನೋಡುವಂತಾಯಿತು: ಒಂದು ಕಳೆಯುವ ಲೆಕ್ಕದಲ್ಲಿ ಹಳೆಯ ಅಂಕಿ ಮತ್ತು ಹೊಸ ಅಂಕಿ ಅದಲುಬದಲಾಗಿದ್ದವು. ಮುಂದೆ ಹವ್ಯಾಸಿಗಳು ತಮ್ಮ ಆವೃತ್ತಿಗಳಲ್ಲಿ ಅದನ್ನು ತಿದ್ದಿದರು. ಅಷ್ಟು ಚಿಕ್ಕ ಮುಖದ ಒಂದು ಭಾವಕ್ಕಾಗಿ ಜನ ಇಷ್ಟು ತಲೆ ಕೆಡಿಸಿಕೊಂಡರು ಎಂಬುದೇ ಆ ಮುಖ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿ.

ಮೊದಲು ಕಟ್ಟಡ, ಆಮೇಲೆ ಆಟ

ಡೂಮ್‌ನ ರಾಕ್ಷಸರು ಸದ್ದು ಕೇಳುತ್ತಿದ್ದರು. ಆದರೆ ಕಾಲಿಗೆ ಹೊಡೆದರೂ ತಲೆಗೆ ಹೊಡೆದರೂ ಅವರಿಗೆ ಒಂದೇ. ಆ ವ್ಯತ್ಯಾಸವನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ್ದು 1997ರ ಆಗಸ್ಟ್‌ನಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂದ 'ಗೋಲ್ಡನ್‌ಐ 007'. ಜೇಮ್ಸ್ ಬಾಂಡ್ ಸಿನಿಮಾ ಬಂದು ಎರಡು ವರ್ಷವಾದ ಮೇಲೆ ಅದರ ಹೆಸರಿನ ಆಟ ಬಂದಿತ್ತು. ಮಾಡಿದ್ದು ಇಂಗ್ಲೆಂಡಿನ ರೇರ್ ಕಂಪನಿ, ತಂಡದ ನಾಯಕ ಮಾರ್ಟಿನ್ ಹಾಲಿಸ್. ತಂಡದ ಹೆಚ್ಚಿನವರಿಗೆ ಇದೇ ಮೊದಲ ಆಟ.

ಇಲ್ಲಿ ಕಾವಲುಗಾರನ ಕೈಗೆ ಗುಂಡು ತಗುಲಿದರೆ ಅವನು ಕೈ ಹಿಡಿದುಕೊಳ್ಳುತ್ತಾನೆ, ಕಾಲಿಗೆ ತಗುಲಿದರೆ ಕುಂಟುತ್ತಾನೆ. ತಲೆಯ ಮೇಲಿನ ಟೊಪ್ಪಿಗೆ ಹೊಡೆದರೆ ಟೊಪ್ಪಿ ಹಾರಿಬೀಳುತ್ತದೆ. ಗೋಡೆಗೆ ಬಿದ್ದ ಗುಂಡು ಗುರುತು ಉಳಿಸುತ್ತದೆ. ಸದ್ದಡಗಿಸಿದ ಪಿಸ್ತೂಲು ಬಳಸಿದರೆ ಪಕ್ಕದ ಕೋಣೆಗೆ ಸುಳಿವಿಲ್ಲ, ದೊಡ್ಡ ಬಂದೂಕು ಹಾರಿಸಿದರೆ ಕಾವಲುಗಾರರು ಓಡಿ ಬರುತ್ತಾರೆ. ಅವರಲ್ಲಿ ಕೆಲವರು ಹೊಡೆದಾಡುವುದನ್ನು ಬಿಟ್ಟು ಅಪಾಯದ ಗಂಟೆ ಒತ್ತಲು ಓಡುತ್ತಾರೆ. ಆಟ ನಿಲ್ಲಿಸಬೇಕೆಂದರೆ ಬಾಂಡ್ ಮಣಿಕಟ್ಟು ಎತ್ತಿ ಗಡಿಯಾರ ನೋಡುತ್ತಾನೆ, ಪಟ್ಟಿಗಳೆಲ್ಲ ಆ ಗಡಿಯಾರದೊಳಗೇ ಇವೆ.

ಸ್ಥಳಗಳನ್ನು ಕಟ್ಟಿದ ರೀತಿಯೂ ಬೇರೆಯಾಗಿತ್ತು. ಹಾಲಿಸ್ ಮುಂದೆ ಒಂದು ಭಾಷಣದಲ್ಲಿ ವಿವರಿಸಿದಂತೆ, ಕಲಾವಿದರು ಸಿನಿಮಾದ ಸೆಟ್‌ಗಳನ್ನು ಆಧರಿಸಿ ಮೊದಲು ಕಟ್ಟಡಗಳನ್ನು ಮಾಡುತ್ತಿದ್ದರು. ಆಟಗಾರ ಎಲ್ಲಿಂದ ಹೊರಡುತ್ತಾನೆ, ಎಲ್ಲಿ ಮುಗಿಸುತ್ತಾನೆ ಎಂಬುದು ಎಷ್ಟೋ ಸಲ ಆಗ ತೀರ್ಮಾನವೇ ಆಗಿರುತ್ತಿರಲಿಲ್ಲ. ಕಟ್ಟಡ ಸಿದ್ಧವಾದ ಮೇಲೆ ಅದರಲ್ಲಿ ಕೆಲಸಗಳನ್ನು ಹುಡುಕಿ ಇಡುತ್ತಿದ್ದರು. ಹಾಗಾಗಿ ಆಟಕ್ಕೆ ಏನೂ ಸಂಬಂಧವಿಲ್ಲದ ಕೋಣೆಗಳೂ ಉಳಿದವು. ನಿಜವಾದ ಕಚೇರಿಯಲ್ಲಿ ಎಲ್ಲ ಕೋಣೆಗಳೂ ಒಬ್ಬ ಗೂಢಚಾರನಿಗಾಗಿಯೇ ಇರುವುದಿಲ್ಲವಲ್ಲ! ಬೇಡದ ಕೋಣೆಗಳಿದ್ದ ಕಾರಣಕ್ಕೇ ಆ ಜಾಗಗಳು ಜಾಗಗಳಂತೆ ಕಂಡವು.

ಕಷ್ಟದ ಮಟ್ಟ ಏರಿಸುವ ವಿಧಾನದಲ್ಲೂ ಇದೇ ವಿವೇಕ. ಮಟ್ಟ ಏರಿದಂತೆ ಶತ್ರುಗಳು ಗಟ್ಟಿಯಾಗುವುದರ ಜೊತೆಗೆ ಮಾಡಬೇಕಾದ ಕೆಲಸಗಳೂ ಹೆಚ್ಚುತ್ತವೆ. ಮೊದಲ ಸಲ ಓಡಿ ದಾಟಿದ ಕೋಣೆಗೆ ಮೂರನೆಯ ಸಲ ಕಾರಣವಿಟ್ಟುಕೊಂಡು ಹೋಗಬೇಕಾಗುತ್ತದೆ. ಈ ಯೋಚನೆಗೆ 'ಸೂಪರ್ ಮಾರಿಯೊ 64' ಪ್ರೇರಣೆ ಎಂದು ಹಾಲಿಸ್ ಹೇಳಿದ್ದಾರೆ. ಮಕ್ಕಳ ಆಟವೆಂದು ಕರೆಸಿಕೊಂಡದ್ದರಿಂದ ಗೂಢಚಾರನ ಆಟ ಪಾಠ ಕಲಿತಿತ್ತು.

ಮಾತಾಡದೆ ಕೂತವರು

ಗೋಲ್ಡನ್‌ಐ ಹೊರಬಂದ ಮರುತಿಂಗಳು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಕಚೇರಿಯಲ್ಲಿ ಬೇರೊಂದು ತಂಡ ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ಕಟ್ಟಿದ ವಾಲ್ವ್ ಕಂಪನಿಯ ಮೊದಲ ಆಟ 'ಹಾಫ್-ಲೈಫ್' ಮುಗಿಯುವ ಹಂತಕ್ಕೆ ಬಂದಿತ್ತು. ಒಂದೇ ತೊಂದರೆ, ಅದನ್ನು ಆಡಿದರೆ ಖುಷಿಯಾಗುತ್ತಿರಲಿಲ್ಲ. ತಂಡದ ಕೆನ್ ಬರ್ಡ್‌ವೆಲ್ ಮುಂದೆ ಬರೆದ ಲೇಖನದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಇದ್ದಂತೆಯೇ ಮಾರುಕಟ್ಟೆಗೆ ಬಿಡುವುದು ಒಂದು ದಾರಿ. ಅವರು ಅದನ್ನು ಬಿಟ್ಟು, ಮಾಡಿದ್ದರಲ್ಲಿ ಚೆನ್ನಾಗಿದ್ದ ತುಣುಕುಗಳನ್ನೆಲ್ಲ ಒಂದೇ ಹಂತದಲ್ಲಿ ತುಂಬಿ ನೋಡಿದರು. ಅದು ಖುಷಿ ಕೊಟ್ಟಿತು. ಏಕೆ ಖುಷಿ ಕೊಟ್ಟಿತು ಎಂದು ಕೂತು ಯೋಚಿಸಿದರು.

ಮೂರು ಉತ್ತರ ಸಿಕ್ಕವು. ಮೊದಲನೆಯದು, ಹೊಸ ಘಟನೆಗಳು ಗಡಿಯಾರಕ್ಕೆ ಅಂಟಿಕೊಳ್ಳದೆ ನಡೆದ ದೂರಕ್ಕೆ ಅಂಟಿಕೊಂಡಿರಬೇಕು. ಬೇಸರವಾದವನು ನಾಲ್ಕು ಹೆಜ್ಜೆ ಮುಂದೆ ಹೋದರೆ ಏನಾದರೂ ಆಗಲೇಬೇಕು. ಎರಡನೆಯದು, ಆಟಗಾರ ಇದ್ದಾನೆ ಎಂಬುದನ್ನು ಲೋಕ ಒಪ್ಪಿಕೊಳ್ಳಬೇಕು. ಗೋಡೆಗೆ ಹೊಡೆದರೆ ಗೋಡೆ ಬದಲಾಗಬೇಕು, ಎದುರಿಗೆ ಬಂದ ಪಾತ್ರ ಅವನನ್ನು ನೋಡಬೇಕು. ಲೋಕ ತನ್ನನ್ನು ಲೆಕ್ಕಕ್ಕಿಡದಿದ್ದರೆ ತಾನೇಕೆ ಲೋಕವನ್ನು ಲೆಕ್ಕಕ್ಕಿಡಬೇಕು ಎಂದು ಆಟಗಾರನಿಗೆ ಅನಿಸುತ್ತದೆ. ಮೂರನೆಯದು, ಸತ್ತಾಗ ಅವನು ಆಟವನ್ನು ಬೈಯದೆ ತನ್ನನ್ನೇ ಬೈದುಕೊಳ್ಳುವಂತಿರಬೇಕು. ಅಂದರೆ ಅಪಾಯಕ್ಕೆ ಮೊದಲು ಒಂದು ಎಚ್ಚರಿಕೆ ಸಿಕ್ಕಿರಬೇಕು.

ಈ ಮೂರನೆಯ ಮಾತು ಆಟದುದ್ದಕ್ಕೂ ಕಾಣುತ್ತದೆ. ಸೂರಿಗೆ ಅಂಟಿಕೊಂಡ ಒಂದು ಜೀವಿ ಹಗ್ಗದಂಥ ನಾಲಗೆಯನ್ನು ಕೆಳಗೆ ಇಳಿಬಿಟ್ಟು ಕಾಯುತ್ತದೆ. ನಾಲಗೆ ಎದುರಿಗೇ ಕಾಣುತ್ತದೆ. ನೋಡದೆ ಹೋಗಿ ಸಿಕ್ಕಿಬಿದ್ದರೂ ಅದು ನಿಧಾನವಾಗಿ ಮೇಲಕ್ಕೆ ಎಳೆಯುತ್ತದೆ, ಅಷ್ಟರಲ್ಲಿ ಗುಂಡು ಹೊಡೆದು ಬಿಡಿಸಿಕೊಳ್ಳಬಹುದು. ಸೈನಿಕರು ರೇಡಿಯೊದಲ್ಲಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಆಟಗಾರನ ಕಿವಿಗೂ ಬೀಳುತ್ತದೆ.

ಆರು ಜನರ ಒಂದು ಗುಂಪು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರು ಗಂಟೆಯಂತೆ ಐದು ತಿಂಗಳು ಕೂತು ಆಟವನ್ನು ಮತ್ತೆ ರೂಪಿಸಿತು. ಅದಕ್ಕಿಂತ ಕಠಿಣವಾದ ಕೆಲಸ ಪರೀಕ್ಷೆಯದು. ಹೊರಗಿನವರೊಬ್ಬರನ್ನು ಕರೆದು ಆಡಲು ಕೂರಿಸುವುದು, ರೂಪಿಸಿದವರು ಹಿಂದೆ ಕೂತು ಎರಡು ಗಂಟೆ ಒಂದು ಮಾತೂ ಆಡದೆ ನೋಡುವುದು. ಆಡುವವರು ದಾರಿ ತಪ್ಪಿ ಒಂದೇ ಕೋಣೆಯಲ್ಲಿ ಸುತ್ತುತ್ತಿದ್ದರೂ ಬಾಯಿ ಬಿಡುವಂತಿಲ್ಲ. ಜಾಣತನವೆಂದು ತಾವು ಅಂದುಕೊಂಡದ್ದು ಎದುರಿಗೇ ಸೋಲುವುದನ್ನು ನೋಡಬೇಕು, ಆಮೇಲೆ ಹೋಗಿ ತಿದ್ದಬೇಕು. ಇಂಥ ಇನ್ನೂರಕ್ಕೂ ಹೆಚ್ಚು ಪರೀಕ್ಷೆಗಳು ನಡೆದವು. ಆಟಗಾರ ಎಲ್ಲಿ ಏನು ಮಾಡಲು ನೋಡುತ್ತಾನೆ ಎಂಬುದನ್ನು ಅವರು ಊಹಿಸಲಿಲ್ಲ, ಕೂತು ನೋಡಿ ತಿಳಿದುಕೊಂಡರು.

1998ರ ನವೆಂಬರಿನಲ್ಲಿ ಆಟ ಬಂದಾಗ ಅದರ ಆರಂಭದಲ್ಲಿ ಬಂದೂಕೇ ಇರಲಿಲ್ಲ. ವಿಜ್ಞಾನಿ ಗಾರ್ಡನ್ ಫ್ರೀಮನ್ ಒಂದು ಪುಟ್ಟ ರೈಲುಬೋಗಿಯಲ್ಲಿ ನೆಲದಡಿಯ ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೋಗುತ್ತಾನೆ. ಹೆಸರುಗಳು ಪರದೆಯ ಮೇಲೆ ಮೂಡುತ್ತಿರುವಾಗಲೂ ಆಟಗಾರ ಬೋಗಿಯೊಳಗೆ ಓಡಾಡಬಹುದು, ಬೇಕಾದ ಕಿಟಕಿಯಿಂದ ನೋಡಬಹುದು. ಕಣ್ಣು ಅವನದೇ ಆಗಿ ಉಳಿಯುತ್ತದೆ. ಕಚೇರಿ ತಲುಪಿದ ಮೇಲೆ ಸಹೋದ್ಯೋಗಿಗಳು ಮಾತಾಡಿಸುತ್ತಾರೆ. ವಿಶ್ರಾಂತಿ ಕೋಣೆಯ ಮೈಕ್ರೋವೇವ್ ಒಲೆಯಲ್ಲಿ ಯಾರದೋ ಊಟ ಬಿಸಿಗಿಟ್ಟಿರುತ್ತದೆ. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಅದು ಸಿಡಿದು ಹಾಳಾಗುತ್ತದೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ.

ಹೆಜ್ಜೆಯ ಸದ್ದು

ಹಾಫ್-ಲೈಫ್‌ನ ಮೇಲೆಯೇ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು 1999ರಲ್ಲಿ ಹವ್ಯಾಸಕ್ಕೆಂದು ಕಟ್ಟಿದ ಆಟ 'ಕೌಂಟರ್-ಸ್ಟ್ರೈಕ್'. 2000ದ ದಶಕದಲ್ಲಿ ಭಾರತದ ನಗರಗಳ ಸೈಬರ್ ಕೆಫೆಗಳಲ್ಲಿ ಕಾಲೇಜು ಹುಡುಗರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಪಕ್ಕಪಕ್ಕದ ಯಂತ್ರಗಳಲ್ಲಿ ಕೂತು ಆಡುತ್ತಿದ್ದದ್ದು ಬಹುಪಾಲು ಇದನ್ನೇ. ಬೆಂಗಳೂರಾಗಲಿ ಪುಣೆಯಾಗಲಿ, ಹಿಂದಿನ ಸಾಲಿನಿಂದ ಕೂಗು ಬಂದರೆ ಯಾರೋ ಸತ್ತರು ಎಂದೇ ಅರ್ಥ.

ಅಲ್ಲಿ ಗೆಲ್ಲುವವರಿಗೆ ಗೊತ್ತಿದ್ದ ಗುಟ್ಟು ಕಿವಿಯದು. ಓಡಿದರೆ ಹೆಜ್ಜೆಯ ಸದ್ದು ಎದುರಾಳಿಗೆ ಕೇಳುತ್ತದೆ, ನಿಧಾನ ನಡೆದರೆ ಕೇಳುವುದಿಲ್ಲ. ಬೇಗ ತಲುಪಬೇಕೋ ಗುಟ್ಟಾಗಿ ತಲುಪಬೇಕೋ ಎಂಬ ಆಯ್ಕೆ ಪ್ರತಿ ತಿರುವಿನಲ್ಲೂ ಎದುರಾಗುತ್ತದೆ. ಡೂಮ್‌ನ ರಾಕ್ಷಸರಿಗಿದ್ದ ಕಿವಿ ಇಲ್ಲಿ ಮನುಷ್ಯರಿಗೇ ಬಂದಿತ್ತು. ಅದಕ್ಕೇ ಕೆಫೆಯಲ್ಲಿ ಹೆಡ್‌ಫೋನ್ ಸರಿಯಿದ್ದ ಯಂತ್ರಕ್ಕೆ ಬೇಡಿಕೆ.

ಜಾಣತನದ ತೋರಿಕೆ

ಎದುರಿಗಿರುವವರು ಮನುಷ್ಯರಾದರೆ ಸರಿ. ಯಂತ್ರವೇ ಶತ್ರುವಾದಾಗ ಅದು ಯೋಚಿಸುತ್ತಿದೆ ಎಂದು ನಂಬಿಸುವುದು ಹೇಗೆ? 2001ರ ನವೆಂಬರಿನಲ್ಲಿ ಬಂದ 'ಹೇಲೊ' ಆಟದ ತಂಡಕ್ಕೆ ಇದರಲ್ಲಿ ಒಂದು ವಿಚಿತ್ರ ಸಂಗತಿ ಕಂಡಿತು. ಆ ತಂಡದ ಕ್ರಿಸ್ ಬುಚರ್ ಮತ್ತು ಜೇಮಿ ಗ್ರೀಸ್ಮರ್ 2002ರ ಭಾಷಣದಲ್ಲಿ ವಿವರಿಸಿದಂತೆ, ಶತ್ರುಗಳ ಬುದ್ಧಿಯನ್ನು ಇದ್ದಂತೆಯೇ ಇಟ್ಟು ಅವರು ಬೇಗ ಸಾಯದಂತೆ ಮಾಡಿದಾಗ, ಆಡಿ ನೋಡಿದವರು ಶತ್ರುಗಳು ಹೆಚ್ಚು ಬುದ್ಧಿವಂತರಾಗಿದ್ದಾರೆ ಎಂದರು. ಎರಡು ಕ್ಷಣದಲ್ಲಿ ಸಾಯುವವನಿಗೆ ಎಷ್ಟು ಬುದ್ಧಿಯಿದ್ದರೂ ಅದನ್ನು ತೋರಿಸಲು ಸಮಯವೆಲ್ಲಿ? ಅದೇ ಆಟದಲ್ಲಿ ದೊಡ್ಡ ನಾಯಕ ಸತ್ತರೆ ಅವನ ಜೊತೆಗಿನ ಕುಳ್ಳ ಸೈನಿಕರು ಕೈ ಮೇಲೆತ್ತಿ ಚೀರುತ್ತ ದಿಕ್ಕಾಪಾಲಾಗಿ ಓಡುತ್ತಾರೆ. ಆಟಗಾರನಿಗೆ ಎರಡು ವಿಷಯ ಒಟ್ಟಿಗೆ ತಿಳಿಯುತ್ತವೆ: ಯಾರನ್ನು ಮೊದಲು ಹೊಡೆಯಬೇಕು, ಮತ್ತು ಇವರಿಗೂ ಭಯವಿದೆ.

2005ರ 'ಫಿಯರ್' ಆಟ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರ ಸೈನಿಕರು ಒಟ್ಟಾಗಿ ಬಂದು ಪಕ್ಕದಿಂದ ಸುತ್ತುವರಿಯುವುದನ್ನು ಕಂಡವರು ಬೆರಗಾದರು. ಅವರ ಬುದ್ಧಿಯನ್ನು ಬರೆದ ಜೆಫ್ ಆರ್ಕಿನ್, 2006ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಸುತ್ತುವರಿಯಿರಿ ಎಂಬ ಆಜ್ಞೆಯೇ ಅದರಲ್ಲಿಲ್ಲ ಎಂದು ಬಿಚ್ಚಿಟ್ಟರು. ಪ್ರತಿ ಸೈನಿಕನೂ ತನ್ನ ಪಾಡಿಗೆ ಹೆಚ್ಚು ಕ್ಷೇಮವಾದ ಮರೆಯನ್ನು ಹುಡುಕುತ್ತಾನೆ. ಆ ಓಡಾಟವೇ ಕೆಲವೊಮ್ಮೆ ಸುತ್ತುವರಿದಂತೆ ಕಾಣುತ್ತದೆ. ಉಳಿದ ಕೆಲಸ ಮಾತಿನದು. ಒಬ್ಬ ಕೂಗಿ ಕೇಳುತ್ತಾನೆ, ಇನ್ನೊಬ್ಬ ಕೂಗಿ ಉತ್ತರಿಸುತ್ತಾನೆ. ಆಟಗಾರನಿಗೆ ಅವರ ನಡುವೆ ಒಂದು ಸಂಚು ಕಾಣುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ದೂತನೊಬ್ಬ ಏದುಸಿರು ಬಿಡುತ್ತ ಬಂದು ಶತ್ರುಸೇನೆ ಕೋಟೆಯನ್ನು ಮುತ್ತಿದೆ ಎಂದರೆ ಸಾಕಿತ್ತು, ಪರದೆಯ ಹಿಂದೆ ಹತ್ತು ಸಾವಿರ ಕುದುರೆಗಳಿವೆ ಎಂದು ಪ್ರೇಕ್ಷಕರು ನಂಬುತ್ತಿದ್ದರು. ಆ ನಂಬಿಕೆಯ ಬಲವನ್ನೇ ಆರ್ಕಿನ್ ಅವರ ಸೈನಿಕರೂ ಬಳಸಿಕೊಂಡರು.

ಉಳಿದದ್ದು

ಮುಂದಿನ ವರ್ಷಗಳಲ್ಲಿ ಆಟಗಳ ಹಣ, ತಂಡ, ಚಿತ್ರ ಎಲ್ಲವೂ ಹಿಗ್ಗಿದವು. ಹೊಳೆಯುವ ನೀರು, ನೆರಳು, ಬೆವರಿನ ಹನಿ ಬಂದವು. ಆದರೆ ಪ್ರತಿ ವರ್ಷದ ಹೊಸ ಚಿತ್ರ ಹಿಂದಿನ ವರ್ಷದ್ದನ್ನು ಮಂಕಾಗಿಸುತ್ತ ಹೋಯಿತು. ಕಿಟಕಿಯಾಚೆ ಇಟ್ಟ ನೀಲಿ ಕವಚಕ್ಕೆ ಹಾಗಾಗಲಿಲ್ಲ. ಮೇಲೆ ಹೇಳಿದ ಯಾವುದೂ ದುಬಾರಿ ಕೆಲಸವಾಗಿರಲಿಲ್ಲ. ಮುಖ ತಿರುಗಲು ಕೆಲವು ಸಾಲು ಕೋಡು, ಟೊಪ್ಪಿ ಹಾರಲು ಒಂದು ಸಣ್ಣ ಏರ್ಪಾಡು ಸಾಕಾಗಿತ್ತು. ದುಬಾರಿಯಾಗಿದ್ದದ್ದು ಅದರ ಹಿಂದಿನ ತಾಳ್ಮೆ. ಇನ್ನೊಬ್ಬ ಮನುಷ್ಯ ಇಲ್ಲಿ ನಿಂತು ಏನು ಮಾಡಲು ನೋಡಬಹುದು ಎಂದು ಮೊದಲೇ ಯೋಚಿಸುವುದು, ಗೊತ್ತಾಗದಿದ್ದರೆ ಬಾಯಿ ಮುಚ್ಚಿ ಕೂತು ನೋಡುವುದು.

ಡೂಮ್‌ಗೆ ಹವ್ಯಾಸಿಗಳು ಇಂದಿಗೂ ಹೊಸ ಹಂತಗಳನ್ನು ಕಟ್ಟುತ್ತಿದ್ದಾರೆ. 2019ರಲ್ಲಿ ರೊಮೆರೊ ಅವರೇ 'ಸಿಗಿಲ್' ಹೆಸರಿನಲ್ಲಿ ಹೊಸ ಹಂತಗಳ ಒಂದು ಕಂತನ್ನು ಉಚಿತವಾಗಿ ಬಿಟ್ಟರು. ಅಲ್ಲಿಯೂ ಪೆಟ್ಟು ಬಿದ್ದ ಕಡೆಗೆ ಮುಖ ತಿರುಗುತ್ತದೆ.

ಆ ಮೈಕ್ರೋವೇವ್ ಒಲೆಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ 'ಹಾಫ್-ಲೈಫ್ 2'ರ ಎರಡನೆಯ ಕಂತು ಬಂತು. ಅದರಲ್ಲಿ ಮ್ಯಾಗ್ನಸನ್ ಎಂಬ ಸಿಡುಕು ವಿಜ್ಞಾನಿ ಗಾರ್ಡನ್‌ಗೆ ಜೀವ ಪಣಕ್ಕಿಡುವ ಕೆಲಸವೊಂದನ್ನು ಒಪ್ಪಿಸುತ್ತಾನೆ. ಇದನ್ನು ಸರಿಯಾಗಿ ಮಾಡಿದರೆ, ಹಿಂದೆ ಪ್ರಯೋಗಾಲಯದ ಒಲೆಯಲ್ಲಿ ತನ್ನ ಊಟ ಹಾಳಾದ ಆ ವಿಷಯವನ್ನು ಮರೆತುಬಿಡಬಹುದು ಎಂಬ ಅರ್ಥದ ಮಾತಾಡುತ್ತಾನೆ. ಒಂಬತ್ತು ವರ್ಷದ ಹಿಂದೆ, ಯಾರೂ ನೋಡುತ್ತಿಲ್ಲವೆಂದುಕೊಂಡು ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದವರು, ಪರದೆಯ ಮುಂದೆ ಒಂದು ಕ್ಷಣ ಕೈ ನಿಲ್ಲಿಸಿ ನಕ್ಕರು.